ಅಹಂಕಾರವೆಂಬ ಆರೋಪ: ಭಗತ್ ಸಿಂಗರ ‘ನಾನೇಕೆ ನಾಸ್ತಿಕ’ ಕುರಿತು ಒಂದು ವಿಮರ್ಶೆ

ಭಗತ್ ಸಿಂಗರ ಭಾವಚಿತ್ರವನ್ನು ಕಾಣದವರು ನಮ್ಮಲ್ಲಿ ಯಾರೂ ಇರಲಾರರು. ಆದರೆ ಅವರು ಬರೆದ ‘ನಾನೇಕೆ ನಾಸ್ತಿಕ’ ಎಂಬ ಲೇಖನವನ್ನು ಆದ್ಯಂತವಾಗಿ ಓದಿದವರು ವಿರಳ. 1930ರ ಅಕ್ಟೋಬರ್ ತಿಂಗಳ ಮೊದಲ ವಾರ, ಲಾಹೋರಿನ ಸೆಂಟ್ರಲ್ ಜೈಲಿನಲ್ಲಿ, ವಿಶೇಷ ನ್ಯಾಯಮಂಡಲಿಯ ತೀರ್ಪು ಇಂದೋ ನಾಳೆಯೋ ಎಂದಿದ್ದಾಗ ಅವರು ಇದನ್ನು ಇಂಗ್ಲಿಷಿನಲ್ಲಿ ಬರೆದರು. ಆಗ ಅವರಿಗೆ ಇಪ್ಪತ್ತಮೂರು ವರ್ಷ. ಅದೇ ತಿಂಗಳ 7ರಂದು ಮರಣದಂಡನೆಯ ತೀರ್ಪು ಹೊರಬಿತ್ತು. 1931ರ ಮಾರ್ಚ್ 23ರಂದು ಗಲ್ಲಿಗೇರಿಸಿದರು. ಲೇಖನವು ಬೆಳಕು ಕಂಡದ್ದು ಅನಂತರ, 1931ರ ಸೆಪ್ಟೆಂಬರ್ 27ರಂದು, ಲಾಹೋರಿನ ‘ದಿ ಪೀಪಲ್’ ವಾರಪತ್ರಿಕೆಯಲ್ಲಿ. 1930ರ ದಶಕದಲ್ಲಿಯೇ ಪೆರಿಯಾರರ ಪ್ರೇರಣೆಯಿಂದ ಪ. ಜೀವಾನಂದಂ ಅದನ್ನು ತಮಿಳಿಗೆ ತಂದರು. ಕನ್ನಡದಲ್ಲಿಯೂ ಅನುವಾದಗಳು ಬಂದಿವೆ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದಾದಷ್ಟು ಕಿರಿದಾದ ಬರಹವಿದು.

ಜೈನ ತ್ರೈಮಾಸಿಕವೊಂದರಲ್ಲಿ ಇದರ ಪ್ರಸ್ತಾಪವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಕಾರಣ ಸರಳವಾಗಿದೆ. ಪರವೂರಿಗೆ ಓದಲು ಹೋದ ಮಗ, ಉದ್ಯೋಗಕ್ಕೆ ಹೋದ ಮಗಳು ಹಬ್ಬಕ್ಕೆಂದು ಮನೆಗೆ ಬಂದಾಗ, “ನನಗೆ ಇದರಲ್ಲಿ ನಂಬಿಕೆಯಿಲ್ಲ” ಎಂದು ಹೇಳುವ ಪ್ರಸಂಗ ನಮ್ಮ ಮನೆಗಳಿಗೆ ಹೊಸದಲ್ಲ. ಆಗ ಹಿರಿಯರು ಕೊಡುವ ವಿವರಣೆಗಳೂ ಬಹುಮಟ್ಟಿಗೆ ಒಂದೇ: ಸಹವಾಸದೋಷ, ನಾಲ್ಕು ಪುಸ್ತಕ ಓದಿದ ಗರ್ವ, ಮದುವೆಯಾದರೆ ಸರಿಹೋಗುತ್ತದೆ. ಇವು ಆ ಮಗು ಆಡಿದ ಮಾತಿಗೆ ಉತ್ತರಗಳಲ್ಲ. ಆ ಮಾತು ಏಕೆ ಬಂದಿತೆಂಬುದಕ್ಕೆ ನಮಗೆ ನಾವೇ ಹೇಳಿಕೊಳ್ಳುವ ಸಮಾಧಾನಗಳು. ಭಗತ್ ಸಿಂಗರ ಲೇಖನ ಹುಟ್ಟಿದ್ದೇ ಇಂಥದೊಂದು ಸಮಾಧಾನದ ವಿರುದ್ಧ. ಅವರ ಅವಿಶ್ವಾಸಕ್ಕೆ ಅಹಂಕಾರವೇ ಮೂಲವೆಂದು ಕೆಲವು ಸ್ನೇಹಿತರು ಭಾವಿಸಿದ್ದರು. ಆ ಆಪಾದನೆಯನ್ನೇ ಮೊದಲ ವಾಕ್ಯದಲ್ಲಿ ಎತ್ತಿಕೊಂಡು ಅವರು ಲೇಖನವನ್ನು ಆರಂಭಿಸುತ್ತಾರೆ.

ಅವರು ಬೆಳೆದ ಮನೆಯ ಸ್ವರೂಪವನ್ನು ಮೊದಲು ಗಮನಿಸಬೇಕು. ವಂಶದಿಂದ ಸಿಖ್ಖರು, ಅಜ್ಜ ಅರ್ಜುನ ಸಿಂಗರು ನಿಷ್ಠಾವಂತ ಆರ್ಯಸಮಾಜಿ. ಆ ಅಜ್ಜನ ಪ್ರಭಾವದಲ್ಲಿ ಬೆಳೆದ ತಾನು ನಾಸ್ತಿಕನಾಗಲು ಮನೆಯಲ್ಲಿ ಕಾರಣವೇ ಇರಲಿಲ್ಲವೆಂದು ಲೇಖಕರು ಹೇಳುತ್ತಾರೆ. ಲಾಹೋರಿನ ಡಿ.ಎ.ವಿ. ಶಾಲೆಯ ವಸತಿಗೃಹದಲ್ಲಿದ್ದಾಗ ಎರಡು ಹೊತ್ತಿನ ಪ್ರಾರ್ಥನೆಯಲ್ಲದೆ ಗಂಟೆಗಟ್ಟಲೆ ಗಾಯತ್ರೀಜಪ. ಅನಂತರ ತಂದೆ ಕಿಶನ್ ಸಿಂಗರ ಜೊತೆಯಲ್ಲಿ ವಾಸ. ತಂದೆ ಮತವಿಷಯದಲ್ಲಿ ಉದಾರರು, ಸ್ವಾತಂತ್ರ್ಯಪ್ರೇಮವನ್ನು ಬಿತ್ತಿದವರು, ಆದರೂ ದಿನವೂ ಪ್ರಾರ್ಥಿಸುವಂತೆ ಮಗನನ್ನು ಹುರಿದುಂಬಿಸುತ್ತಿದ್ದವರು. ಇಲ್ಲಿ ಒಂದು ಸೂಕ್ಷ್ಮವಿದೆ. ಸಿಖ್ ವಂಶದಲ್ಲಿ ಹುಟ್ಟಿದ ಅಜ್ಜ ತಾನೇ ವಿಚಾರ ಮಾಡಿ ಆರ್ಯಸಮಾಜವನ್ನು ಸೇರಿದ್ದರು. ಚಿಕ್ಕಪ್ಪ ಅಜಿತ್ ಸಿಂಗರು 1907ರಲ್ಲಿಯೇ ಮಾಂಡಲೆಗೆ ಗಡೀಪಾರಾಗಿದ್ದರು. ಮನೆಯ ಶ್ರದ್ಧೆಯನ್ನು ಮೊಮ್ಮಗ ತೊರೆದನೆನ್ನುವಾಗ, ಆ ಶ್ರದ್ಧೆಯೇ ಎರಡು ತಲೆಮಾರುಗಳ ಹಿಂದೆ ಬದಲಾಗಿತ್ತೆಂಬುದನ್ನು ಮರೆಯಬಾರದು. ನಮ್ಮ ಮನೆತನಗಳ ಚರಿತ್ರೆಯಲ್ಲಿಯೂ ಇಂಥ ತಿರುವುಗಳಿವೆ. ಗೋಡೆಯ ಮೇಲಿನ ಮುತ್ತಜ್ಜನ ಚಿತ್ರಪಟಕ್ಕೆ ಮಾತು ಬಂದರೆ ಏನು ಹೇಳೀತೋ!

ಅಸಹಕಾರ ಚಳವಳಿಯ ದಿನಗಳಲ್ಲಿ ಅವರು ಲಾಹೋರಿನ ನ್ಯಾಷನಲ್ ಕಾಲೇಜನ್ನು ಸೇರಿದರು. ಮತವಿಚಾರಗಳನ್ನು ಚರ್ಚಿಸಲು, ಟೀಕಿಸಲು ಆರಂಭಿಸಿದ್ದು ಅಲ್ಲಿ. ಆದರೂ ಆಗ ದೇವರಲ್ಲಿ ಗಟ್ಟಿಯಾದ ನಂಬಿಕೆಯಿತ್ತೆಂದೂ, ಕೇಶವನ್ನು ಕತ್ತರಿಸದೆ ಬಿಟ್ಟಿದ್ದೆನೆಂದೂ, ಆದರೆ ಸಿಖ್ ಮತದ ಅಥವಾ ಬೇರಾವ ಮತದ ಪುರಾಣಗಳನ್ನೂ ನಂಬಲಾಗುತ್ತಿರಲಿಲ್ಲವೆಂದೂ ಅವರು ಬರೆಯುತ್ತಾರೆ. ಕ್ರಾಂತಿಕಾರಿ ಪಕ್ಷವನ್ನು ಸೇರಿದಾಗ ಅಲ್ಲಿಯ ಹಿರಿಯರೂ ಆಸ್ತಿಕರೇ ಆಗಿದ್ದರು. ‘ಬಂದಿ ಜೀವನ’ ಬರೆದ ಶಚೀಂದ್ರನಾಥ ಸನ್ಯಾಲರು ದೃಢವಾದ ದೈವಭಕ್ತರು. ಕಾಕೋರಿ ಮೊಕದ್ದಮೆಯಲ್ಲಿ 1927ರ ಡಿಸೆಂಬರಿನಲ್ಲಿ ಗಲ್ಲಿಗೇರಿದ ನಾಲ್ವರೂ ಕೊನೆಯ ದಿನವನ್ನು ಪ್ರಾರ್ಥನೆಯಲ್ಲಿ ಕಳೆದರೆಂದು ಲೇಖಕರೇ ಗೌರವದಿಂದ ದಾಖಲಿಸುತ್ತಾರೆ. ಹೀಗಿರುವಾಗ ಸಹವಾಸದೋಷವೆಂಬ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ಸಹವಾಸವಿದ್ದದ್ದು ಭಕ್ತರೊಂದಿಗೆ. ಬಕೂನಿನ್, ಮಾರ್ಕ್ಸ್, ಲೆನಿನ್ ಮೊದಲಾದವರ ಬರಹಗಳ ಅಧ್ಯಯನ ನಡೆದು, 1926ರ ಕೊನೆಯ ಹೊತ್ತಿಗೆ ಅವರ ಮನಸ್ಸು ನಿರ್ಧಾರಕ್ಕೆ ಬಂದಿತ್ತು.

1927ರ ಮೇ ತಿಂಗಳಲ್ಲಿ ಮೊದಲ ಬಂಧನ. ಹೇಳಿಕೆ ಕೊಟ್ಟರೆ ಬಿಡುಗಡೆ, ಮೇಲೆ ಬಹುಮಾನ. ಕೊಡದಿದ್ದರೆ ಗಲ್ಲು ಎಂದು ಪೋಲೀಸರು ಹೆದರಿಸಿದರು. ಅದರೊಂದಿಗೆ ಎರಡು ಹೊತ್ತೂ ದೇವರನ್ನು ಪ್ರಾರ್ಥಿಸುವಂತೆ ಆ ಅಧಿಕಾರಿಗಳೇ ಒತ್ತಾಯಿಸತೊಡಗಿದರು. ಸುಖದ ದಿನಗಳಲ್ಲಿ ಮಾತ್ರ ನಾನು ನಾಸ್ತಿಕನೋ, ಕಷ್ಟದಲ್ಲಿಯೂ ಹಾಗಿರಬಲ್ಲೆನೋ ಎಂದು ತನ್ನನ್ನು ತಾನು ಪರೀಕ್ಷಿಸಿಕೊಂಡು, ಪ್ರಾರ್ಥಿಸಲಾರೆನೆಂದು ನಿಶ್ಚಯಿಸಿದ್ದಾಗಿ ಲೇಖಕರು ಹೇಳುತ್ತಾರೆ. ಪೋಲೀಸ್ ಠಾಣೆಯಲ್ಲಿ ಬಿಡುಗಡೆಯ ಆಸೆಯ ಮಗ್ಗುಲಲ್ಲಿಯೇ ಪ್ರಾರ್ಥನೆಯ ಉಪದೇಶವೂ ನಡೆಯಿತೆಂಬ ಈ ಭಾಗವನ್ನು ಓದುವಾಗ ಧರ್ಮಶ್ರದ್ಧೆಯುಳ್ಳ ಯಾರಿಗಾದರೂ ಸಂಕೋಚವಾಗಬೇಕು.

ಇನ್ನು ಅಹಂಕಾರದ ಪ್ರಶ್ನೆ. ಅಹಂಕಾರಿಯಾದವನು ಒಂದೋ ತಾನು ದೇವರಿಗೆ ಪ್ರತಿಸ್ಪರ್ಧಿಯೆಂದುಕೊಳ್ಳಬೇಕು, ಇಲ್ಲವೇ ತಾನೇ ದೇವರೆಂದುಕೊಳ್ಳಬೇಕು. ಎರಡು ಪಕ್ಷಗಳಲ್ಲಿಯೂ ದೇವರೆಂಬುದೊಂದು ಉಂಟೆಂದು ಒಪ್ಪಿದಂತಾಯಿತು. ಆದ್ದರಿಂದ ಅಹಂಕಾರದಿಂದ ನಾಸ್ತಿಕತೆ ಹುಟ್ಟದು ಎಂಬುದು ಅವರ ತರ್ಕ. ಈ ತರ್ಕ ಚತುರವಾಗಿದೆ, ಆದರೆ ಪೂರ್ಣವಾಗಿಲ್ಲ. ಮೂರನೆಯ ಬಗೆಯ ಗರ್ವವೊಂದುಂಟು: ಎಲ್ಲರೂ ತಲೆಬಾಗುವಲ್ಲಿ ನಾನೊಬ್ಬ ನಿಂತಿದ್ದೇನೆ ಎಂಬುದು. ಆ ಗರ್ವಕ್ಕೆ ದೇವರಿರಬೇಕಾಗಿಲ್ಲ. ನೋಡುವ ನಾಲ್ಕು ಜನರಿದ್ದರೆ ಸಾಕು. ಸಂಗಾತಿಗಳು ತನ್ನನ್ನು ಸರ್ವಾಧಿಕಾರಿಯೆಂದು ದೂರುತ್ತಿದ್ದುದನ್ನೂ, ಮಿತ್ರ ಬಿ.ಕೆ. ದತ್ತರು ಕೂಡ ಒಮ್ಮೊಮ್ಮೆ ಹಾಗೆಂದುದನ್ನೂ ಲೇಖಕರು ಮುಚ್ಚಿಡುವುದಿಲ್ಲ. ಆದ್ದರಿಂದ ಅಹಂಕಾರವು ಅವರಲ್ಲಿ ಲೇಶವೂ ಇರಲಿಲ್ಲವೆಂದು ನಾವು ವಾದಿಸಬೇಕಾಗಿಲ್ಲ. ಒಬ್ಬನ ನಿಲುವು ಅಹಂಕಾರದಿಂದ ಹುಟ್ಟಿದೆಯೆಂದು ತೋರಿಸಿದಾಗಲೂ ಆ ನಿಲುವು ಸುಳ್ಳೆಂದು ತೋರಿಸಿದಂತಾಗುವುದಿಲ್ಲ. ಈ ಉತ್ತರವನ್ನು ಅವರು ಇನ್ನಷ್ಟು ಗಟ್ಟಿಯಾಗಿ ಹೇಳಬಹುದಾಗಿತ್ತು.

ನಮ್ಮ ಶಾಸ್ತ್ರ ಮದಗಳನ್ನು ಎಂಟಾಗಿ ಎಣಿಸುತ್ತದೆ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಜ್ಞಾನಮದ ಇರುವಂತೆಯೇ ಕುಲಮದವೂ, ಪೂಜಾಮದವೂ, ಐಶ್ವರ್ಯಮದವೂ ಇವೆ. ಓದಿದ ಹುಡುಗನಲ್ಲಿ ಮೊದಲನೆಯದನ್ನು ತಟಕ್ಕನೆ ಗುರುತಿಸುವ ನಾವು, ನಮ್ಮ ಮನೆತನದಲ್ಲಿ ಇಂಥವನು ಹುಟ್ಟಬಹುದೇ ಎಂದು ಗುಡುಗುವಾಗ ಎರಡನೆಯದನ್ನು ಗುರುತಿಸುತ್ತೇವೆಯೇ?

ಅಹಿಂಸೆಯನ್ನು ಪರಮಧರ್ಮವೆಂದು ಎಣಿಸುವ ಪತ್ರಿಕೆಯಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯುವಂತಿಲ್ಲ. ಭಗತ್ ಸಿಂಗರಿಗೆ ಶಿಕ್ಷೆಯಾದದ್ದು 1928ರ ಡಿಸೆಂಬರ್ 17ರಂದು ನಡೆದ ಸಾಂಡರ್ಸ್ ಹತ್ಯೆಯ ಮೊಕದ್ದಮೆಯಲ್ಲಿ. ಆ ಮಾರ್ಗವನ್ನು ಜೈನನು ಒಪ್ಪಲಾರನು. ದೇಶಭಕ್ತಿ ಅದರ ದೋಷವನ್ನು ತೊಳೆಯದು. ಆದರೆ ದೇವರನ್ನು ಬಿಟ್ಟದ್ದರಿಂದ ಅವರು ಹಿಂಸೆಗಿಳಿದರೆಂದು ಹೇಳುವವರು ಈ ಲೇಖನವನ್ನು ಓದಿಲ್ಲ. ತಾನು ಅಧ್ಯಯನ ಮಾಡಿದಂತೆ ಹಳೆಯ ಕ್ರಾಂತಿಕಾರರಲ್ಲಿದ್ದ ಹಿಂಸೆಯ ಮೋಹ ತನ್ನಲ್ಲಿ ಕಳಚಿತೆಂದೂ, ಅನಿವಾರ್ಯವಾದ ಸಂದರ್ಭದಲ್ಲಿ ಮಾತ್ರ ಬಲಪ್ರಯೋಗ ಸಮರ್ಥನೀಯವೆಂದೂ, ಜನಾಂದೋಲನಗಳಿಗೆ ಅಹಿಂಸೆಯ ನೀತಿ ಅತ್ಯಗತ್ಯವೆಂದೂ ಅವರು ಇಲ್ಲಿ ಬರೆದಿದ್ದಾರೆ. ದೈವದ ಮೇಲಿನ ರಹಸ್ಯಭಾವ ಹೋದಾಗ ಪಿಸ್ತೂಲಿನ ಮೇಲಿದ್ದ ರಹಸ್ಯಭಾವವೂ ಹೋಯಿತು. ಅವರ ಅಹಿಂಸೆ ನೀತಿಯೇ ಹೊರತು ವ್ರತವಲ್ಲ. ನೀತಿಯನ್ನು ಲಾಭನಷ್ಟ ನೋಡಿ ಬದಲಿಸಬಹುದು, ವ್ರತವನ್ನು ಬದಲಿಸಲಾಗದು. ಈ ಅಂತರ ಚಿಕ್ಕದಲ್ಲ. ನಾಸ್ತಿಕನೆಂದರೆ ಭೋಗಿ, ಸಾಲ ಮಾಡಿಯಾದರೂ ತುಪ್ಪ ಉಣ್ಣುವವನು ಎಂಬ ಹಳೆಯ ಚಿತ್ರವಂತೂ ಇವರಿಗೆ ಒಪ್ಪುವುದಿಲ್ಲ. 1929ರಲ್ಲಿ ರಾಜಕೀಯ ಕೈದಿಗಳ ಹಕ್ಕುಗಳಿಗಾಗಿ ಇವರು ಸಂಗಾತಿಗಳೊಂದಿಗೆ ನಡೆಸಿದ ದೀರ್ಘ ನಿರಶನದಲ್ಲಿ ಯತೀಂದ್ರನಾಥ ದಾಸರು 63ನೆಯ ದಿನ ಪ್ರಾಣಬಿಟ್ಟರು. ಉಪವಾಸವೆಂದರೇನೆಂದು ಬಲ್ಲ ನಮಗೆ ಆ ಸಂಖ್ಯೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೇಖನದ ತಾತ್ತ್ವಿಕ ಭಾಗದಲ್ಲಿ ಎರಡು ವಾದಗಳಿವೆ. ಅವರು ಎರಡನ್ನೂ ಬೆರೆಸಿ ಬರೆದಿದ್ದಾರೆ. ನಾವು ಬಿಡಿಸಿಕೊಂಡು ನೋಡಬೇಕು.

ಮೊದಲನೆಯದು ಸೃಷ್ಟಿಕರ್ತನ ನಿರಾಕರಣೆ. ಸರ್ವಶಕ್ತನೊಬ್ಬನು ಈ ದುಃಖಮಯ ಜಗತ್ತನ್ನು ಏಕೆ ಸೃಷ್ಟಿಸಿದನು? ನಿಯಮಕ್ಕೆ ಕಟ್ಟುಬಿದ್ದು ಎಂದರೆ ಅವನು ಸರ್ವಶಕ್ತನಲ್ಲ. ಲೀಲೆಗಾಗಿ ಎಂದರೆ ರೋಮ್ ನಗರವನ್ನು ಸುಟ್ಟ ನೀರೋವಿಗೂ ಅವನಿಗೂ ಏನಂತರ? ಇದನ್ನು ಓದಿದ ಜೈನ ವಾಚಕನಿಗೆ ಆಘಾತವಾಗುವುದಿಲ್ಲ. ಪರಿಚಿತ ಧ್ವನಿಯೊಂದನ್ನು ಕೇಳಿದಂತಾಗುತ್ತದೆ. ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ತಮ್ಮ ‘ಆದಿಪುರಾಣ’ದಲ್ಲಿ ಸೃಷ್ಟಿಕರ್ತೃವಾದವನ್ನು ಇಂಥವೇ ಪ್ರಶ್ನೆಗಳಿಂದ ಖಂಡಿಸಿದ್ದಾರೆ. ಸಮಂತಭದ್ರರ ‘ಆಪ್ತಮೀಮಾಂಸೆ’ಯಂತೂ ಜಿನನ ಬಾಹ್ಯವೈಭವಗಳು ಪೂಜ್ಯತೆಗೆ ಸಾಲವೆಂಬಲ್ಲಿಂದಲೇ ಆರಂಭವಾಗುತ್ತದೆ. ಅಂದರೆ ಪೂಜಿಸುವ ಮುನ್ನ ಪರೀಕ್ಷಿಸುವುದು ನಮ್ಮ ಆಚಾರ್ಯರಿಗೆ ಅಪಚಾರವೆನಿಸಲಿಲ್ಲ.

ಇಷ್ಟು ಹೇಳಿ, ಹಾಗಾದರೆ ಭಗತ್ ಸಿಂಗರು ನಮ್ಮವರೇ ಎಂದು ಬೆನ್ನು ತಟ್ಟಿಕೊಳ್ಳುವ ಅಭ್ಯಾಸ ನಮ್ಮ ಕೆಲವು ಉಪನ್ಯಾಸಕರಲ್ಲಿದೆ. ಅದು ಪ್ರಾಮಾಣಿಕವಲ್ಲ. ಅವರು ಸೃಷ್ಟಿಕರ್ತನನ್ನು ಮಾತ್ರ ನಿರಾಕರಿಸಲಿಲ್ಲ. ಆತ್ಮ, ಪುನರ್ಜನ್ಮ, ಪರಲೋಕ ಯಾವುದನ್ನೂ ಅವರು ಒಪ್ಪಲಿಲ್ಲ. ವೇದವನ್ನು ಒಪ್ಪದವನು ನಾಸ್ತಿಕನೆಂಬ ಲೆಕ್ಕದಲ್ಲಿ ನಾವೂ ನಾಸ್ತಿಕರೆನಿಸಿಕೊಂಡದ್ದುಂಟು. ಆತ್ಮವನ್ನು ಒಪ್ಪದವನು ನಾಸ್ತಿಕನೆಂಬ ಲೆಕ್ಕದಲ್ಲಿ ಅವರನ್ನು ನಮ್ಮ ಪಂಡಿತರೂ ಚಾರ್ವಾಕರ ಸಾಲಿಗೆ ಸೇರಿಸುತ್ತಿದ್ದರು. ಹೀಗಿರುವುದರಿಂದ ನಮ್ಮ ಮನೆಯ ತರುಣನು ಈ ಲೇಖನವನ್ನು ಕೈಯಲ್ಲಿ ಹಿಡಿದು ಬಂದಾಗ, “ನಮ್ಮಲ್ಲಿಯೂ ದೇವರಿಲ್ಲ, ಸಮಾಧಾನವಾಗಿ ಆರತಿ ಎತ್ತು” ಎಂದರೆ ಅವನ ಬಾಯಿ ಮುಚ್ಚಿಸಬಹುದೇ ಹೊರತು ಮನಸ್ಸನ್ನು ತಲಪಲಾಗದು.

ಎರಡನೆಯ ವಾದ ಕರ್ಮಸಿದ್ಧಾಂತದ ಮೇಲಿನದು. ನನ್ನ ದೃಷ್ಟಿಯಲ್ಲಿ ಇದೇ ಲೇಖನದ ತಿರುಳು. ನಮಗೆ ನೇರವಾಗಿ ತಾಗುವುದೂ ಇದೇ. ಇಂದು ನರಳುತ್ತಿರುವವರು ಹಿಂದಿನ ಜನ್ಮದ ಪಾಪಿಗಳೆಂದು ಹಿಂದೂಗಳು ಹೇಳುತ್ತಾರಲ್ಲ ಎಂದು ಲೇಖಕರು ಕೇಳುತ್ತಾರೆ. ನ್ಯಾಯಶಾಸ್ತ್ರದಲ್ಲಿ ಶಿಕ್ಷೆಗೆ ಮೂರು ಉದ್ದೇಶಗಳು: ಪ್ರತೀಕಾರ, ಸುಧಾರಣೆ, ಭಯದ ಮೂಲಕ ತಡೆ. ಪಾಪಿಯನ್ನು ಹಸುವಾಗಿಯೋ ಬೆಕ್ಕಾಗಿಯೋ ಹುಟ್ಟಿಸಿದರೆ ಯಾವ ಸುಧಾರಣೆ ಆದೀತು? ಹಿಂದೆ ಕತ್ತೆಯಾಗಿ ಹುಟ್ಟಿದ್ದೆನೆಂದು ನೆನಪಿಟ್ಟವರನ್ನು ಕಂಡಿದ್ದೀರಾ? ಮುಂದುವರಿದು ಅವರು ಬಡತನವನ್ನು ಎತ್ತಿಕೊಳ್ಳುತ್ತಾರೆ. ಕೀಳೆಂದು ತಳ್ಳಲ್ಪಟ್ಟ ಜಾತಿಯಲ್ಲಿ ಹುಟ್ಟಿದವನು ಬಡತನದಿಂದ ಓದಲಾರನು, ಉಳಿದವರ ತಿರಸ್ಕಾರವನ್ನು ಉಣ್ಣುವನು. ಅದರಿಂದ ಅವನು ಸಮಾಜದ ಮೇಲೆ ಕಲ್ಲಾಗಿ ತಪ್ಪು ಮಾಡಿದರೆ ಹೊಣೆ ಯಾರದು? ದೇವರದೇ, ಅವನದೇ, ಅಥವಾ ಅವನನ್ನು ಅಜ್ಞಾನದಲ್ಲಿಟ್ಟ ವಿದ್ಯಾವಂತರದೇ? ಇಂಥ ಸಿದ್ಧಾಂತಗಳು ಸುಖವಾಗಿರುವವರು ತಮ್ಮ ಸುಖವನ್ನು ಸಮರ್ಥಿಸಿಕೊಳ್ಳಲು ಕಲ್ಪಿಸಿದವು ಎಂಬುದು ಅವರ ತೀರ್ಮಾನ.

ಶಿಕ್ಷೆಯ ಮೂರು ಉದ್ದೇಶಗಳ ವಾದಕ್ಕೆ ನಮ್ಮಲ್ಲಿ ಉತ್ತರವಿದೆ. ಶಿಕ್ಷೆ ಎಂದಾಗ ಶಿಕ್ಷಿಸುವವನು ಒಬ್ಬನಿರಬೇಕು. ಜೈನ ಕರ್ಮಸಿದ್ಧಾಂತದಲ್ಲಿ ಅಂಥವನಿಲ್ಲ. ರೋಜು ಕೀರ್ದಿಯಲ್ಲಿ ಬರೆದದ್ದು ಖಾತೆಗೆ ಇಳಿಯಲು ನ್ಯಾಯಾಧೀಶನು ಬೇಕಾಗಿಲ್ಲ. ಕರ್ಮವೆಂಬುದು ಜೀವನಿಗೆ ಅಂಟುವ ಪುದ್ಗಲ. ಅದು ತನ್ನ ಕಾಲಕ್ಕೆ ಉದಯಿಸಿ ಕಳಚಿಹೋಗುತ್ತದೆ. ಅದು ಯಾರ ಕೋಪವೂ ಅಲ್ಲ, ಯಾರ ಪಾಠವೂ ಅಲ್ಲ. ಸುಧಾರಣೆಯಾಯಿತೇ ಎಂದು ಅದನ್ನು ಕೇಳುವುದು ಸಲ್ಲದು. ಈ ಮಟ್ಟಿಗೆ ಭಗತ್ ಸಿಂಗರ ಬಾಣ ನಮ್ಮನ್ನು ದಾಟಿ ಹೋಗುತ್ತದೆ.

ನೆನಪಿನ ಆಕ್ಷೇಪ ಹಾಗಲ್ಲ. ಸಾಲಪತ್ರವನ್ನು ತೋರಿಸದೆ ವಸೂಲಿಗೆ ಬಂದ ಸಾಹುಕಾರನನ್ನು ಯಾವ ವರ್ತಕನೂ ಅಂಗಡಿಯ ಮೆಟ್ಟಿಲು ಹತ್ತಗೊಡುವುದಿಲ್ಲ. ಸಾಲ ಯಾವಾಗ ಮಾಡಿದೆ, ಎಷ್ಟು, ಯಾರಿಗೆ ಎಂಬುದು ಗೊತ್ತಿಲ್ಲದೆ ತೀರಿಸುತ್ತಲೇ ಇರು ಎಂದರೆ ತರುಣನ ಬುದ್ಧಿಗೆ ಅದು ಹಿಡಿಸದಿರುವುದು ಸಹಜ. ಅವಧಿಜ್ಞಾನ, ಕೇವಲಜ್ಞಾನಗಳ ವಿಷಯ ಹೇಳಿ ನಾವು ಇದಕ್ಕೆ ಉತ್ತರಿಸುತ್ತೇವೆ. ಆ ಉತ್ತರದೊಳಗೆ ನಮ್ಮನ್ನೇ ಕಟ್ಟಿಹಾಕುವ ಒಂದು ನಿಬಂಧನೆಯಿದೆ. ಪೂರ್ವಭವದ ಖಾತೆಯನ್ನು ಓದಬಲ್ಲವರು ಅಂಥ ಜ್ಞಾನಿಗಳು ಮಾತ್ರ. ಈ ಪಂಚಮಕಾಲದಲ್ಲಿ ಕೇವಲಿಗಳಿಲ್ಲ. ಹೀಗಿರುವಾಗ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿಯನ್ನು ತೋರಿಸಿ, “ಅವನ ಕರ್ಮ ಹಾಗಿದೆ” ಎಂದು ಗಾದಿಯ ಮೇಲೆ ಕುಳಿತು ಹೇಳುವ ಸಾಹುಕಾರನು ತನಗೆ ಕೇವಲಜ್ಞಾನ ಪ್ರಾಪ್ತವಾಗಿದೆಯೆಂದು ಹೇಳಿಕೊಂಡಂತಾಯಿತು! ಈ ಮಾತನ್ನು ನಾನು ನಲವತ್ತು ವರ್ಷಗಳ ವ್ಯಾಪಾರದಲ್ಲಿ ಎಣಿಸಲಾಗದಷ್ಟು ಸಲ ಕೇಳಿದ್ದೇನೆ. ಕೂಲಿಯ ದರವನ್ನು ಏರಿಸುವ ಮಾತು ಬಂದ ದಿನಗಳಲ್ಲಿ ಅದು ಹೆಚ್ಚಾಗಿ ಕೇಳಿಬರುತ್ತಿತ್ತು.

ಭಗತ್ ಸಿಂಗರ ಆಪಾದನೆ ಸಿದ್ಧಾಂತಕ್ಕಿಂತ ಅದರ ಈ ಬಳಕೆಗೆ ತಕ್ಕುದಾಗಿದೆ. ಬಡವನ ಬಡತನಕ್ಕೆ ಅವನ ಲಾಭಾಂತರಾಯ ಕರ್ಮವೇ ಕಾರಣವೆಂದು ಸುಲಭವಾಗಿ ಹೇಳುವವರು, ಅಂತರಾಯ ಕರ್ಮದ ಆಸ್ರವಕ್ಕೆ ಕಾರಣವೇನೆಂದು ‘ತತ್ತ್ವಾರ್ಥಸೂತ್ರ’ ಹೇಳುವುದನ್ನು ಮರೆಯುತ್ತಾರೆ. ಪರರಿಗೆ ವಿಘ್ನವನ್ನುಂಟುಮಾಡುವುದೇ ಆ ಕಾರಣ. ಹಮಾಲಿಯ ಹಿಂದಿನ ಜನ್ಮ ನಮಗೆ ಕಾಣದು. ಅವನ ಕೂಲಿಗೆ ಇಂದು ಅಡ್ಡಬರುತ್ತಿರುವ ಕೈ ಯಾರದೆಂಬುದು ಕಾಣುತ್ತದೆ. ಸೂತ್ರದ ದೃಷ್ಟಿ ಆ ಕೈಯ ಮೇಲಿದೆ. ಈ ಅರ್ಥವನ್ನು ನಾವು ನಮ್ಮ ಪಾಠಶಾಲೆಗಳಲ್ಲಿ ಹೇಳಿಕೊಟ್ಟಿದ್ದರೆ, ಭಗತ್ ಸಿಂಗರನ್ನು ಓದಿದ ಮಕ್ಕಳು ಧರ್ಮವು ಶ್ರೀಮಂತರ ಪರವೆಂದು ಅಷ್ಟು ಬೇಗ ತೀರ್ಮಾನಿಸುತ್ತಿರಲಿಲ್ಲ. ಎಂಟು ಕರ್ಮಗಳ ಹೆಸರುಗಳನ್ನು ತಪ್ಪಿಲ್ಲದೆ ಒಪ್ಪಿಸಿದವರಿಗೆ ಬಹುಮಾನ ಕೊಡುತ್ತೇವೆ. ಪ್ರಶ್ನೆ ಕೇಳಿದ ಮಗುವಿಗೆ ಬಹುಮಾನ ಕೊಟ್ಟ ಟ್ರಸ್ಟು ನನ್ನ ಗಮನಕ್ಕೆ ಬಂದಿಲ್ಲ.

ಇಲ್ಲಿಯೇ ಲೇಖನದ ಒಂದು ಅಸಮತೆಯನ್ನೂ ಹೇಳಬೇಕು. ದೇವರ ಕಲ್ಪನೆಯ ಮೂಲವನ್ನು ಚರ್ಚಿಸುವಾಗ ಭಗತ್ ಸಿಂಗರು ಬಹಳ ಎಚ್ಚರದಿಂದ ಬರೆಯುತ್ತಾರೆ. ಶೋಷಕರು ಜನರನ್ನು ಅಡಗಿಸಲು ದೇವರನ್ನು ಹುಟ್ಟಿಸಿದರೆಂಬ ತೀವ್ರಗಾಮಿಗಳ ಮತವನ್ನು ಅವರು ಒಪ್ಪುವುದಿಲ್ಲ. ಮನುಷ್ಯನು ತನ್ನ ದೌರ್ಬಲ್ಯವನ್ನು ಅರಿತು, ಆಪತ್ತಿನಲ್ಲಿ ಧೈರ್ಯ ತಂದುಕೊಳ್ಳಲು, ತಂದೆ ತಾಯಿ ಮಿತ್ರರ ಸ್ಥಾನದಲ್ಲಿ ದೇವರನ್ನು ಕಲ್ಪಿಸಿಕೊಂಡನೆಂದು ಅವರು ಭಾವಿಸುತ್ತಾರೆ. ಅದು ದಬ್ಬಾಳಿಕೆಗೆ ಬೆಂಬಲವಾದದ್ದು ಅನಂತರ. ಇದು ಉದಾರವಾದ, ಕರುಣೆಯುಳ್ಳ ವಿವರಣೆ. ಕರ್ಮ-ಪುನರ್ಜನ್ಮಗಳ ವಿಷಯಕ್ಕೆ ಬಂದಾಗ ಈ ಉದಾರತೆ ಕಾಣೆಯಾಗುತ್ತದೆ. ಅವನ್ನು ಸುಖವಾಗಿರುವವರ ಕಟ್ಟುಕತೆಯೆಂದು ಒಂದೇ ಏಟಿಗೆ ತಳ್ಳಿಬಿಡುತ್ತಾರೆ. ದೇವರ ವಿಷಯದಲ್ಲಿ ಸಂಭವಿಸಿದ್ದು ಕರ್ಮದ ವಿಷಯದಲ್ಲಿ ಏಕೆ ಸಂಭವಿಸಿರಬಾರದು? ನೋವಿಗೆ ಅರ್ಥವನ್ನು ಹುಡುಕಿದವರ, ತನ್ನ ನಡತೆಗೆ ತಾನೇ ಹೊಣೆಯೆಂದು ಬಗೆದವರ ಚಿಂತನೆಯಾಗಿ ಆರಂಭವಾದದ್ದು ಅನಂತರ ಉಳ್ಳವರ ಕೈಗೆ ಸಿಕ್ಕಿರಬಾರದೇಕೆ? ಈ ಪ್ರಶ್ನೆಯನ್ನು ಅವರು ಎತ್ತಿಕೊಂಡಿಲ್ಲ. ಜಗತ್ತಿನ ಉತ್ಪತ್ತಿಯ ವಿಷಯದಲ್ಲಿಯೂ ಡಾರ್ವಿನ್ನನ ಗ್ರಂಥವನ್ನು ಓದಿರೆಂದು ಹೇಳಿ ಅವರು ಬೇಗ ಮುಗಿಸುತ್ತಾರೆ. ಬರೆಯುವ ಕಾಗದಕ್ಕಿಂತ ಉಳಿದ ದಿನಗಳು ಕಡಿಮೆಯಿದ್ದವನ ಆತುರವೆಂದು ಅದನ್ನು ನಾವು ಮನ್ನಿಸಬಹುದು; ಆದರೂ ಕೊರತೆ ಕೊರತೆಯೇ.

ಲೇಖನದಲ್ಲಿ ತಾಯಿ ವಿದ್ಯಾವತಿಯವರ ಪ್ರಸ್ತಾಪವಿಲ್ಲ. ತಂದೆಯ ವಿಷಯ ಕೆಲವೇ ವಾಕ್ಯಗಳು. ಆದರೆ ಅದೇ ದಿನಗಳ ಇನ್ನೊಂದು ಬರಹವನ್ನು ಪಕ್ಕಕ್ಕಿಟ್ಟು ಓದಿದಾಗ ಈ ಮೌನಕ್ಕೆ ಅರ್ಥ ಬರುತ್ತದೆ. 1930ರ ಸೆಪ್ಟೆಂಬರಿನಲ್ಲಿ ಕಿಶನ್ ಸಿಂಗರು ಮಗನ ಪ್ರಾಣವುಳಿಸಲು ನ್ಯಾಯಮಂಡಲಿಗೆ ಅರ್ಜಿಯೊಂದನ್ನು ಸಲ್ಲಿಸಿದರು. ಹತ್ಯೆಯ ದಿನ ಮಗನು ಲಾಹೋರಿನಲ್ಲಿರಲಿಲ್ಲವೆಂದು ಅದರಲ್ಲಿ ಹೇಳಿದ್ದರು. ಸುದ್ದಿ ತಿಳಿದ ಮಗನು ಅಕ್ಟೋಬರ್ ಮೊದಲ ವಾರದಲ್ಲಿ ತಂದೆಗೆ ಕಠಿಣವಾದ ಪತ್ರ ಬರೆದನು. ಬೇರೆಯವರು ಹೀಗೆ ಮಾಡಿದ್ದರೆ ದ್ರೋಹವೆನ್ನುತ್ತಿದ್ದೆ, ನಿಮ್ಮ ವಿಷಯದಲ್ಲಿ ಅತಿಕೆಟ್ಟ ದೌರ್ಬಲ್ಯವೆನ್ನುತ್ತೇನೆ ಎಂಬರ್ಥದ ಮಾತು ಅದರಲ್ಲಿದೆ. ಪತ್ರವನ್ನು ಪ್ರಕಟಿಸಬೇಕೆಂದು ತಂದೆಯನ್ನೇ ಕೇಳಿಕೊಂಡಿದ್ದಾನೆ; ಅದು ಪತ್ರಿಕೆಯಲ್ಲಿ ಬಂದೂ ಬಂದಿತು. ‘ನಾನೇಕೆ ನಾಸ್ತಿಕ’ ಬರೆದದ್ದು ಇದರ ಬೆನ್ನಿಗೇ. ಪತ್ರವು ಮಾನವ ನ್ಯಾಯಾಸನದ ಮುಂದೆ ದಯೆ ಬೇಡಲಾರೆನೆಂದಿತು. ಲೇಖನವು ದೇವರ ಮುಂದೆ ಬೇಡಲಾರೆನೆಂದಿತು. ಎರಡು ಕಡೆಯೂ ಬೇಡೆಂದು ಒತ್ತಾಯಿಸಿದವರು ಅವರನ್ನು ಪ್ರೀತಿಸಿದವರೇ.

ಮಗನ ಹಠವನ್ನು ಹೊಗಳಲು ನಾನಿದನ್ನು ಹೇಳುತ್ತಿಲ್ಲ. ಆ ತಂದೆಯ ಸಂಕಟವನ್ನು ನೆನೆದರೆ ಪತ್ರದ ಭಾಷೆ ನನಗೆ ಈಗಲೂ ಕ್ರೂರವೆನಿಸುತ್ತದೆ. ಆದರೆ ಪ್ರೀತಿಯ ಹೆಸರಿನಲ್ಲಿ ಸುಳ್ಳನ್ನು ಕೇಳುವುದು ನಮ್ಮ ಮನೆಗಳಲ್ಲಿಯೂ ನಡೆಯುತ್ತದೆ. ನನಗೆ ಪರಿಚಯವಿರುವ ಒಂದು ಮನೆಯಲ್ಲಿ ಇಂಜಿನಿಯರಾದ ಮೊಮ್ಮಗನು ಬಸದಿಗೆ ಬಂದರೂ ಪೂಜೆಗೆ ಕೂರುವುದಿಲ್ಲವೆಂದನು. ದೊಡ್ಡಪ್ಪನು ರೇಗಿ, ನಾಲ್ಕು ಜನರ ಮುಂದಾದರೂ ಕೈಮುಗಿ ಎಂದು ಪಟ್ಟುಹಿಡಿದರು. ಎಂಬತ್ತು ದಾಟಿದ ಅಜ್ಜಿ ಮಾತ್ರ, “ಬಿಡಪ್ಪ, ನನ್ನ ಕೈಹಿಡಿದು ಮೆಟ್ಟಿಲು ಹತ್ತಿಸುತ್ತಾನೆ. ಸುಳ್ಳು ಕೈಮುಗಿಯೋದಿಲ್ಲ ಅಂತಾನೆ, ಅಷ್ಟೇ ತಾನೆ?” ಎಂದರು. ಶಾಸ್ತ್ರವನ್ನು ಓದದ ಆ ತಾಯಿ ಶಾಸ್ತ್ರವನ್ನೇ ಆಡಿದರು. ಅಣುವ್ರತಗಳ ವಿಷಯದಲ್ಲಿ ದೋಷವು ಕೃತ, ಕಾರಿತ, ಅನುಮೋದನ ಎಂದು ಮೂರು ಬಗೆಯಾಗಿ ಬರುತ್ತದ. ತಾನು ಸುಳ್ಳಾಡುವಂತೆಯೇ ಪರರಿಂದ ಸುಳ್ಳಾಡಿಸುವುದೂ ದೋಷ. ನಂಬದವನಿಂದ ಬಲವಂತವಾಗಿ ಕೈಮುಗಿಸಿದರೆ ಅಸತ್ಯ ಯಾರ ಖಾತೆಗೆ ಬೀಳುತ್ತದೆಂಬುದನ್ನು ದೊಡ್ಡಪ್ಪಂದಿರು ಯೋಚಿಸಬೇಕು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು, ಅಂದರೆ ಕದಲಿದವನನ್ನು ಮತ್ತೆ ನೆಲೆಗೊಳಿಸುವುದು. ಅದರ ಮಗ್ಗುಲಲ್ಲಿಯೇ ವಾತ್ಸಲ್ಯವನ್ನು ಹೇಳಿರುವುದು ಸುಮ್ಮನೆ ಅಲ್ಲ. ಮೊದಲು ಅವನ ಪ್ರಶ್ನೆಯನ್ನು ಕೇಳಿಸಿಕೊಳ್ಳದೆ ನೆಲೆಗೊಳಿಸುವುದಾದರೂ ಹೇಗೆ? ಕಿಶನ್ ಸಿಂಗರು ಪ್ರಾರ್ಥಿಸೆಂದು ಹುರಿದುಂಬಿಸಿದರೇ ವಿನಾ ದಂಡಿಸಿದರೆಂದು ಮಗನು ಎಲ್ಲಿಯೂ ಬರೆದಿಲ್ಲ. ಸ್ವಾತಂತ್ರ್ಯಪ್ರೇಮವನ್ನು ಕಲಿತದ್ದು ಅವರಿಂದಲೇ ಎಂದು ಕೃತಜ್ಞತೆಯಿಂದ ಬರೆದಿದ್ದಾನೆ.

ಭಗತ್ ಸಿಂಗರು ಕೊನೆಯಲ್ಲಿ ಮನಸ್ಸು ಬದಲಿಸಿದರೆಂಬ ಹೇಳಿಕೆಗಳೂ ಉಂಟು. ಅದೇ ಜೈಲಿನಲ್ಲಿದ್ದ ಗದರ್ ಚಳವಳಿಯ ಹಿರಿಯ, ಸಿಖ್ ಸಂತ ಬಾಬಾ ರಣಧೀರ್ ಸಿಂಗರೊಂದಿಗೆ ನಡೆದ ಮಾತುಕತೆಯನ್ನು ಅದಕ್ಕೆ ಆಧಾರವಾಗಿ ಹೇಳುತ್ತಾರೆ. ಅವರ ಕೈಬರಹದಲ್ಲಿ ಉಳಿದಿರುವುದು ಮಾತ್ರ ಇದಕ್ಕೆ ವಿರುದ್ಧವಾಗಿದೆ. ಕೊನೆಯ ದಿನಗಳಲ್ಲಿ ನೀನು ನಂಬುವೆ ಎಂದು ಮಿತ್ರನೊಬ್ಬನು ಹೇಳಿದಾಗ, ಹಾಗೆ ಮಾಡಿದರೆ ಅದು ಸ್ವಾರ್ಥದ ಅಧಃಪತನವಾದೀತು, ಪ್ರಾರ್ಥಿಸಲಾರೆ ಎಂದು ಉತ್ತರಿಸಿದ್ದಾಗಿ ಬರೆದು ಅವರು ಲೇಖನವನ್ನು ಮುಗಿಸುತ್ತಾರೆ. ಒಬ್ಬನ ಮರಣಾನಂತರ ಅವನ ಪರವಾಗಿ ಶ್ರದ್ಧೆಯನ್ನು ಒಪ್ಪಿಕೊಳ್ಳುವ ಅವಸರ ಧರ್ಮಗಳಿಗೆ ಶೋಭೆ ತರುವುದಿಲ್ಲ.

ಲೇಖನದ ಅತ್ಯುತ್ತಮ ಭಾಗ ಯಾವುದೆಂದು ಕೇಳಿದರೆ, ವಾದಗಳ ಪುಟಗಳನ್ನು ಬಿಟ್ಟು, ಅವರು ತಮ್ಮ ಸಾವನ್ನು ಎದುರಿಗಿಟ್ಟುಕೊಂಡು ಬರೆದ ಪುಟವನ್ನು ತೋರಿಸುತ್ತೇನೆ. ನಂಬಿಕೆ ಕಷ್ಟಗಳನ್ನು ಮೃದುವಾಗಿಸುತ್ತದೆ, ಕೆಲವೊಮ್ಮೆ ಹಿತವನ್ನೂ ಕೊಡುತ್ತದೆ, ಅದಿಲ್ಲದವನು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು, ಬಿರುಗಾಳಿಯಲ್ಲಿ ಹಾಗೆ ನಿಲ್ಲುವುದು ಮಕ್ಕಳಾಟವಲ್ಲ ಎಂದು ಅವರು ಒಪ್ಪುತ್ತಾರೆ. ಹಿಂದೂ ಆದವನು ಮುಂದಿನ ಜನ್ಮದಲ್ಲಿ ರಾಜನಾಗುವ ಆಸೆಯಿಂದ, ಮುಸಲ್ಮಾನ ಅಥವಾ ಕ್ರೈಸ್ತನು ಸ್ವರ್ಗದ ಆಸೆಯಿಂದ ಸಾಯಬಹುದು. ತನಗೆ ಮಾತ್ರ ಕುಣಿಕೆ ಬಿಗಿದ ಕ್ಷಣವೇ ಕೊನೆಯ ಕ್ಷಣ, ಇಲ್ಲಿಯೂ ಅಲ್ಲಿಯೂ ಪ್ರತಿಫಲವಿಲ್ಲದೆ ಜೀವವನ್ನು ಕೊಟ್ಟಿದ್ದೇನೆ ಎನ್ನುತ್ತಾರೆ. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಸಮೀಪದ ಒಂದು ಪದವಿದೆ: ನಿದಾನ. ಸತ್ಕರ್ಮಕ್ಕೆ ಪ್ರತಿಯಾಗಿ ಮುಂದಿನ ಭೋಗವನ್ನು ಬಯಸುವುದೆಂದು ಅದರ ಅರ್ಥ. ‘ತತ್ತ್ವಾರ್ಥಸೂತ್ರ’ ಅದನ್ನು ಸಲ್ಲೇಖನದ ಐದು ಅತಿಚಾರಗಳಲ್ಲಿ ಕೊನೆಯದಾಗಿ ಎಣಿಸಿದೆ. ವ್ರತಿಯಾದವನು ಕಿತ್ತೊಗೆಯಬೇಕಾದ ಮೂರು ಶಲ್ಯಗಳಲ್ಲಿಯೂ ಅದೊಂದು. ಆತ್ಮವನ್ನೇ ಒಪ್ಪದವರಿಗೆ ಈ ಮಾನದಂಡ ಅನ್ವಯಿಸದೆಂದು ಪಂಡಿತರು ಆಕ್ಷೇಪಿಸಬಹುದು. ಆ ಆಕ್ಷೇಪ ಸರಿಯೇ ಇರಬಹುದು. ಆದರೆ ಆ ಪುಟವನ್ನು ಓದಿ ಮುಚ್ಚಿದವನಿಗೆ, ನಮ್ಮ ಆರಾಧನೆಗಳ ಕರಪತ್ರಗಳಲ್ಲಿ ವ್ಯಾಪಾರವೃದ್ಧಿ, ಸಂತಾನಪ್ರಾಪ್ತಿ, ಗ್ರಹಶಾಂತಿ ಎಂದು ದಪ್ಪಕ್ಷರದಲ್ಲಿ ಅಚ್ಚುಮಾಡಿಸುವ ಫಲಗಳ ಪಟ್ಟಿ ನೆನಪಿಗೆ ಬಾರದೆ ಇರದು.